ಹೊರಗಿನ ಕೋಣೆಯಲ್ಲಿ ರಕ್ತ ಹೀರುವ ವಿದ್ಯೆ

ನವೆಂಬರ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ. ಹಾಜರಿದ್ದವರು: ನಾನು, ನನ್ನ ಅಕ್ಕ ವಿಮಲ, ಮತ್ತು ಅಪ್ಪನ ಇಪ್ಪತ್ತೆರಡು ಡೈರಿಗಳು. ಕೆಲಸ: ಬೀರುವಿನ ಕೆಳಗಿನ ಖಾನೆಯಿಂದ ಡೈರಿಗಳನ್ನು ತೆಗೆದು, ದೂಳು ಒರೆಸಿ, ಹೊಸ ಹಾಳೆ ಹಾಸಿ, ನುಸಿಗುಳಿಗೆ ಇಟ್ಟು, ವರ್ಷದ ಕ್ರಮದಲ್ಲಿ ಮರಳಿ ಜೋಡಿಸುವುದು. ವರ್ಷಕ್ಕೊಮ್ಮೆ ಮಾಡುವ ಕೆಲಸ. ಹನ್ನೆರಡೂವರೆಗೆ ಮುಗಿಯಬೇಕು. ಇವತ್ತು ಮುಗಿಯಲಿಲ್ಲ. ಕಾರಣ ವಿಮಲ.

ನಾನು ಒರೆಸಿ ಕೊಟ್ಟದ್ದನ್ನು ಜೋಡಿಸುವುದಷ್ಟೇ ಅವಳ ಪಾಲಿನದು. ಜೋಡಿಸುವವರು ತೆರೆದು ಓದಬಾರದು. ಅವಳು ಓದುತ್ತಾಳೆ. ಎಪ್ಪತ್ತೊಂಬತ್ತು ವರ್ಷವಾದರೂ ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಮೂಗಿನ ಹತ್ತಿರ ಹಿಡಿದು, ಗಟ್ಟಿಯಾಗಿ ಓದುತ್ತಾಳೆ.

“ಇಲ್ಲಿ ನೋಡೇ ಪದ್ದು, ನಿನ್ ವಿಷಯ ಬರೆದಿದಾರೆ ಅಪ್ಪ.”

“ಬರೆದಿರ್ಲಿ. ನೀನು ಜೋಡಿಸು.”

“ಕೇಳು ಮೊದ್ಲು. ‘ಬುಧವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಹಸ್ತಾ ನಕ್ಷತ್ರ. ಚಿ. ಪದ್ಮ ಹೊರಗಾದಳು. ಮೊದಲು ಕಂಡವರು ಅಜ್ಜಿ. ಉಟ್ಟದ್ದು ಹಸಿರು ಲಂಗ. ಜೋಯಿಸರಿಗೆ ತಿಳಿಸುವುದು.’”

ಓದಿ, ಕನ್ನಡಕ ಇಳಿಸಿ, ನನ್ನ ಮುಖ ನೋಡಿದಳು. ನಾನು ಐವತ್ತೆಂಟನೇ ಇಸವಿಯ ಬೆನ್ನನ್ನು ಎರಡನೇ ಸಲ ಒರೆಸಿದೆ.

ಈಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ನಮ್ಮಂಥ ಮನೆಗಳಲ್ಲಿ ತಿಂಗಳ ಮೂರು ದಿನ ಹೆಂಗಸರು ಹೊರಗೆ ಕೂರುತ್ತಿದ್ದರು. ಹುಡುಗಿ ಮೊದಲ ಸಲ ಹೊರಗಾದಾಗ ವಾರ, ಗಂಟೆ, ನಕ್ಷತ್ರ, ಮೊದಲು ಕಂಡವರು, ಉಟ್ಟ ಬಟ್ಟೆ, ಎಲ್ಲವನ್ನೂ ಗುರುತು ಹಾಕಿಕೊಂಡು ಜೋಯಿಸರಿಂದ ಫಲ ಕೇಳುತ್ತಿದ್ದರು. ಅಪ್ಪ ಬರೆದದ್ದು ಅದನ್ನೇ. ಇಪ್ಪತ್ತೆರಡು ವರ್ಷ ದಿನ ತಪ್ಪದೆ ಬರೆದ ಆ ಮನುಷ್ಯ ಒಂದೂ ಸುಳ್ಳು ಬರೆದವರಲ್ಲ. ಮಳೆ ಬಂದಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಗಡಿಯಾರಕ್ಕೆ ಕೀ ಕೊಡಲು ಮರೆತಿದ್ದರೆ ‘ಮರೆತೆ’ ಎಂದೂ ಬರೆದಿದ್ದಾರೆ. ಅಷ್ಟು ಡೈರಿಗಳಲ್ಲಿ ಇದೊಂದೇ ಸುಳ್ಳು. ಅದನ್ನು ಬರೆಸಿದವಳು ನಾನು.

ಹನ್ನೆರಡು ವರ್ಷದ ಹುಡುಗಿಗೆ ಅಂಥ ಸುಳ್ಳು ಯಾಕೆ ಬೇಕಿತ್ತು ಎಂದರೆ, ಒಂದು ಪುಸ್ತಕ ಓದಬೇಕಿತ್ತು. ಮನುಷ್ಯರ ರಕ್ತ ಹೀರುವುದನ್ನು ಒಂದು ವಿದ್ಯೆಯಾಗಿ, ಸಾಧನೆಯಾಗಿ ವಿವರಿಸುವ ಪುಸ್ತಕ. ಇದು ಅರ್ಧ ಸತ್ಯ. ಉಳಿದರ್ಧ ಹೊಟ್ಟೆಕಿಚ್ಚು.

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ನಿವೇಶನಗಳು ಹೆಚ್ಚು. ಸುದ್ದಗುಂಟೆಪಾಳ್ಯದ ಹಾಲಿನವನು ಎಮ್ಮೆಯನ್ನೇ ಹೊಡೆದುಕೊಂಡು ಬಂದು ಬಾಗಿಲಲ್ಲಿ ಕರೆದುಕೊಡುತ್ತಿದ್ದ. ಆರೂಕಾಲು ಮೀರಿ ಬಂದರೆ ಅಪ್ಪ ಅವನನ್ನೂ ಎಮ್ಮೆಯನ್ನೂ ಒಂದೇ ಥರ ದುರುಗುಟ್ಟಿ ನೋಡುತ್ತಿದ್ದರು. ನಡುಮನೆಯ ಗೋಡೆಯ ಮೇಲೆ ಅವರ ಕೈಬರಹದ ವೇಳಾಪಟ್ಟಿ ಇತ್ತು. ಏಳುವುದು ಐದಕ್ಕೆ. ಬಾಯಿಪಾಠ ಐದೂವರೆಗೆ. ಹೀಗೆ ಇಳಿದುಕೊಂಡು ಹೋದರೆ ನಡುವೆ ಒಂದು ಸಾಲು: ‘೭-೨೦ರಿಂದ ೭-೩೦: ಪದ್ಮಳ ಜಡೆ.’

ಆ ಹತ್ತು ನಿಮಿಷ ಚಿಕ್ಕಮ್ಮನದು. ಚಿಕ್ಕಪ್ಪನ ಹೆಂಡತಿ ಅವರು. ಮೈಸೂರಿನ ಹುಡುಗಿ, ಆಗ ಇಪ್ಪತ್ತೊಂದು ವರ್ಷ. ಚಿಕ್ಕಪ್ಪನಿಗೆ ಊರೂರು ತಿರುಗುವ ಕೆಲಸ. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಚಿಕ್ಕಮ್ಮ ನಾಲ್ಕೆಳೆಯ ಜಡೆ ಹಾಕುತ್ತಿದ್ದರು. ಹಾಕುವಾಗ ಕಿವಿಯ ಹಿಂದೆ ಮೆಲ್ಲಗೆ ಏನಾದರೂ ಹೇಳುತ್ತಿದ್ದರು: ಹಾಲಿನವನ ಎಮ್ಮೆಗೂ ಅಪ್ಪನಿಗೂ ನಡೆದಿರಬಹುದಾದ ಸಂಭಾಷಣೆ, ಅಜ್ಜಿಯ ಗೊರಕೆಯ ತಾಳ. ನಗಬಾರದು, ನಕ್ಕರೆ ಎಳೆ ತಪ್ಪುತ್ತದೆ. ವಿಮಲ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಶಾಲೆಯ ನಾಟಕ, ಹಾಡು, ಬಹುಮಾನ ಎಲ್ಲ ಇದ್ದವು. ನನಗೆ ಹತ್ತು ನಿಮಿಷ ಇತ್ತು. ಸಾಕಾಗಿತ್ತು.

ಆಮೇಲೆ ವಿಮಲ ದೊಡ್ಡವಳಾದಳು. ಹಿತ್ತಲ ಜಗಲಿಯ ಕೊನೆಯಲ್ಲಿ, ಬೇರೆ ಬಾಗಿಲು, ಒಂದೇ ಕಿಟಕಿ ಇದ್ದ ಹೊರಗಿನ ಕೋಣೆಗೆ ಅವಳೂ ಹೋಗತೊಡಗಿದಳು. ಅವಳದೂ ಚಿಕ್ಕಮ್ಮನದೂ ಒಂದು ದಿನದ ಅಂತರದಲ್ಲಿ ಬರುತ್ತಿತ್ತು. ಅಂದರೆ ತಿಂಗಳಿಗೆ ಎರಡು ದಿನ ಪೂರ್ತಿ, ಹಗಲೂ ರಾತ್ರಿ, ಕೆಲಸವಿಲ್ಲ, ವೇಳಾಪಟ್ಟಿ ಇಲ್ಲ, ಅಪ್ಪನ ಕಣ್ಣಿಲ್ಲ; ಒಂದೇ ಕೋಣೆಯಲ್ಲಿ ನನ್ನ ಚಿಕ್ಕಮ್ಮನ ಜೊತೆ ವಿಮಲ. ಆ ದಿನಗಳಲ್ಲಿ ನನ್ನ ಜಡೆಯನ್ನು ಮಡಿ ಉಡುವ ಮೊದಲು ಅಮ್ಮ ಹಾಕುತ್ತಿದ್ದಳು, ಬಾವಿಯ ಹಗ್ಗ ಹೊಸೆದ ಹಾಗೆ. ಅದರ ಮೇಲೆ, ಅಡುಗೆಮನೆಯಲ್ಲಿ ಮಡಿಯಲ್ಲಿರುವ ಅಮ್ಮ ಹೊರಗೆ ಬರುವಂತಿಲ್ಲವಾದ್ದರಿಂದ ಅವರಿಬ್ಬರಿಗೂ ಊಟ, ಕಾಫಿ ಒಯ್ಯುವ ಕೆಲಸ ನನ್ನದು. ಎಲೆಯನ್ನು ಹೊಸ್ತಿಲಾಚೆ ಇಟ್ಟು ಸರಿಯಬೇಕು. ಕಾಫಿಯನ್ನು ಮೇಲಿನಿಂದ ಅವರ ಲೋಟಕ್ಕೆ ಎತ್ತಿ ಹೊಯ್ಯಬೇಕು. ಹೊಯ್ಯುವಾಗ ಒಳಗೆ ಯಾವುದೋ ನಗೆ ಅರ್ಧಕ್ಕೆ ನಿಂತಿರುತ್ತಿತ್ತು. ನಾನು ತಿರುಗಿದ ಕೂಡಲೇ ಮತ್ತೆ ಶುರುವಾಗುತ್ತಿತ್ತು.

ನಗೆಯ ಮೂಲ ಪುಸ್ತಕ ಎಂದು ಎರಡನೇ ತಿಂಗಳಲ್ಲಿ ಗೊತ್ತಾಯಿತು. ಸೋಮವಾರ ಸಂಜೆ ನಾಲ್ಕಕ್ಕೆ ಬಸವನಗುಡಿಯ ಕಡೆಯಿಂದ ಸೈಕಲ್ಲಿನಲ್ಲಿ ಲೈಬ್ರರಿಯವನು ಬರುತ್ತಿದ್ದ. ಕ್ಯಾರಿಯರ್ ಮೇಲೆ ತಗಡಿನ ಪೆಟ್ಟಿಗೆ, ಅದರ ತುಂಬ ಕಾದಂಬರಿ. ಚಿಕ್ಕಮ್ಮನಿಗೆ ಅವನು ಯಾವುದೋ ರಟ್ಟು ಹರಿದ ಪುಸ್ತಕ ಕೊಟ್ಟಿದ್ದ. ಹೆಸರಿರಲಿಲ್ಲ, ಮೊದಲ ಏಳು ಪುಟಗಳೇ ಇರಲಿಲ್ಲ. ಕೋಣೆಯಿಂದ ಅದನ್ನು ತರಬಹುದೇ ಎಂದು ನಾನು ಅಜ್ಜಿಯನ್ನು ಕೇಳಿದೆ. ನಮ್ಮ ಮನೆಯ ಸರ್ವೋಚ್ಚ ನ್ಯಾಯಾಲಯ ಅವರೇ.

“ಕಾಗದಕ್ಕೆ ಮೈಲಿಗೆ ಇಲ್ಲ. ಇದ್ದಿದ್ರೆ ಪೋಸ್ಟಿನವನು ಕೊಟ್ಟ ಕಾಗದ ಹೆಂಗೆ ಓದೋದು? ತಗೊಂಡ್ಬಾ” ಎಂದರು ಅಜ್ಜಿ.

ನಾನು ಓಡಿದೆ. ಜಗಲಿ ದಾಟುವಷ್ಟರಲ್ಲಿ ಕೂಗು ಬಂತು.

“ತಡಿಯೇ! ಹೊಲಿದಿರೋದು ಯಾವ ದಾರದಲ್ಲಿ?”

“ನೂಲು ಇರ್ಬೇಕಜ್ಜಿ.”

“ಮತ್ತೆ! ನೂಲಿಗೆ ಮೈಲಿಗೆ ಇದ್ದೇ ಇದೆಯಲ್ಲೇ. ರೇಷ್ಮೆ ದಾರದಲ್ಲಿ ಹೊಲ್ಯಕ್ಕೆ ಹೇಳು ಅವನಿಗೆ, ಆಮೇಲೆ ಓದುವಂತೆ.”

ತೀರ್ಪು ಬಂದ ಮೇಲೆ ಮುಗಿಯಿತು. ಒಳಗೆ ಹೋದ ಪುಸ್ತಕ ಆ ಕೋಣೆಯ ಗೂಡಿನಲ್ಲೇ ಇರಬೇಕು. ವಾಯಿದೆ ಮುಗಿದ ದಿನ ಕಿಟಕಿಯಿಂದಲೇ ಲೈಬ್ರರಿಯವನ ಕೈಗೆ ಹೋಗಬೇಕು. ಅದನ್ನು ಓದುವ ಹಕ್ಕು ಒಳಗೆ ಕೂತವರಿಗೆ ಮಾತ್ರ.

ಹಾಗಾಗಿ ನಾನು ಕೇಳಿಸಿಕೊಂಡದ್ದೇ ಹೊರತು ಓದಲಿಲ್ಲ. ಮೂರು ಗಂಟೆಗೆ ಕಾಫಿ ಒಯ್ಯಬೇಕಾದವಳು ಎರಡೂ ಐವತ್ತಕ್ಕೆ ಹೋಗಿ ಕಿಟಕಿಯ ಕೆಳಗೆ ಕೂರುತ್ತಿದ್ದೆ. ಓದುತ್ತಿದ್ದವಳು ವಿಮಲ, ನಾಟಕದ ಗಂಟಲಿನಲ್ಲಿ. ರಕ್ತ ಹೀರುವವರಲ್ಲಿ ಎರಡು ಬಗೆಯಂತೆ. ಹಲ್ಲಿನಿಂದ ಹೀರುವವರು ಕಡಿಮೆ. ಅವರು ದೂರದೇಶಗಳಲ್ಲಿ, ಸ್ಮಶಾನದ ಹತ್ತಿರ ಇರುತ್ತಾರೆ. ಉಳಿದವರು ಹಲ್ಲು ಊರದೆ, ಬರಿಯ ಉಸಿರಿನಿಂದ ಇನ್ನೊಬ್ಬರ ರಕ್ತದ ಸತ್ವವನ್ನು ಎಳೆದುಕೊಳ್ಳುತ್ತಾರೆ. ಅವರು ಒಳ್ಳೆಯ ಮನೆತನಗಳಲ್ಲೇ ಹುಟ್ಟುತ್ತಾರೆ, ಪಕ್ಕದಲ್ಲೇ ಮಲಗುತ್ತಾರೆ. ಕಳೆದುಕೊಳ್ಳುವವರ ಲಕ್ಷಣ: ಮುಖ ಬಿಳಿಚುವುದು, ಊಟ ಸೇರದಿರುವುದು, ಹಗಲು ನಿದ್ದೆ. ಪಡೆಯುವವರ ಲಕ್ಷಣ: ಕೆನ್ನೆ ತುಂಬುವುದು, ಕೂದಲಿಗೆ ಹೊಳಪು. ಕೊನೆಯದಾಗಿ, ಕಳೆದುಕೊಳ್ಳುವವರು ದೂರುವುದಿಲ್ಲ, ಹೀರುವವರನ್ನೇ ಹಂಬಲಿಸುತ್ತಾರೆ.

ಕಿಟಕಿಯ ಕೆಳಗೆ ಕೂತು ನಾನು ಮೊಣಕಾಲನ್ನು ಅಪ್ಪಿಕೊಂಡೆ. ಎಲ್ಲ ಸ್ಪಷ್ಟವಾಗಿತ್ತು.

ನಾನು ಕ್ರಮ ಬಿಟ್ಟವಳಲ್ಲ. ಲೆಕ್ಕದ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಚಿಕ್ಕಮ್ಮ: ಹೊರಗಿನಿಂದ ಬಂದ ದಿನ ಕಣ್ಣಿನ ಕೆಳಗೆ ಕಪ್ಪು, ಹುಳಿಯನ್ನ ಅರ್ಧಕ್ಕೇ ಬಿಟ್ಟರು. ವಿಮಲ: ಕೆನ್ನೆ ಉಬ್ಬಿದೆ, ಹುಳಿಯನ್ನ ಎರಡು ಸಲ, ಹಣೆಯಲ್ಲಿ ಮೂರು ಮೊಡವೆ. ಮೊಡವೆ ಹೊಳಪಿಗೆ ಸೇರುತ್ತದೆಯೋ ಇಲ್ಲವೋ ತಿಳಿಯದೆ ಪ್ರಶ್ನಾರ್ಥಕ ಹಾಕಿದೆ. ಪಟ್ಟಿ ನಾಲ್ಕು ತಿಂಗಳು ನಡೆಯಿತು. ನನ್ನ ಜೀವನದಲ್ಲಿ ನಾನು ಇಷ್ಟು ಶ್ರದ್ಧೆಯಿಂದ ಯಾರನ್ನೂ ಗಮನಿಸಿಲ್ಲ, ಕೈಹಿಡಿದ ಗಂಡನನ್ನೂ.

ಐದನೇ ತಿಂಗಳು, ಆ ಬುಧವಾರ, ವಿಮಲ ಬೆಳಿಗ್ಗೆ ಆರಕ್ಕೇ ಹೊರಗೆ ಹೋಗಿದ್ದಳು. ಲೆಕ್ಕದ ಪ್ರಕಾರ ಚಿಕ್ಕಮ್ಮ ಮರುದಿನ ಹೋಗಬೇಕು. ಏಳು ಇಪ್ಪತ್ತಕ್ಕೆ ಚಿಕ್ಕಮ್ಮ ಬಾಚಣಿಗೆ ಹಿಡಿದು ಬಂದರು. “ಪದ್ದು, ಬಾರೇ, ಎಮ್ಮೆ ಇವತ್ತು ಏನಂತು ಗೊತ್ತಾ?” ಎಂದು ಕೈ ಚಾಚಿದರು. ತುಳಸಿಗೆ ನೀರು ಹಾಕಿ ಅಜ್ಜಿ ಮಡಿಯಲ್ಲಿ ಬರುತ್ತಿದ್ದರು. ನಾನು ಇಬ್ಬರ ನಡುವೆ ನಿಂತು ಹೇಳಿದೆ.

“ಅಜ್ಜಿ, ನಾನೂ ಹೊರಗೆ.”

ಅಜ್ಜಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. “ಅಲ್ಲೇ ನಿಂತ್ಕೊ! ಯಾರನ್ನೂ ಮುಟ್ಟಬೇಡ! ಲೋ, ಗಂಟೆ ನೋಡೋ, ಗಂಟೆ ಎಷ್ಟು?”

“ಏಳು ಇಪ್ಪತ್ತು” ಎಂದರು ನಡುಮನೆಯಿಂದ ಅಪ್ಪ. ಪೆನ್ನಿನ ಮುಚ್ಚಳ ತೆಗೆದ ಸದ್ದೂ ಕೇಳಿದಂತಾಯಿತು.

ಚಿಕ್ಕಮ್ಮನ ಕೈ ಬಾಚಣಿಗೆಯ ಸಮೇತ ಹಿಂದಕ್ಕೆ ಹೋಯಿತು. ಅವರು ನನ್ನಿಂದ ಕೈ ಹಿಂತೆಗೆದದ್ದು ಅದೇ ಮೊದಲು. ಇರಲಿ, ನಾಳೆ ನನ್ನ ಜೊತೆಗೇ ಇರುತ್ತಾರಲ್ಲ ಎಂದುಕೊಂಡೆ.

ಮಡಿಯ ಮನೆಯಲ್ಲಿ ಅದಕ್ಕಿಂತ ಭದ್ರವಾದ ಸುಳ್ಳು ಇರಲಾರದು. ಹೇಳಿದ ಕ್ಷಣದಿಂದ ಯಾರೂ ಹತ್ತಿರ ಬರುವುದಿಲ್ಲ. ನಿಜವೋ ಎಂದು ನೋಡುವವರೇ ಇಲ್ಲ. ಸಿಕ್ಕಿಬಿದ್ದರೆ ಮಾತ್ರ ಕಥೆ ಬೇರೆ. ಸುಳ್ಳು ಹೇಳಿದ ಮಗುವನ್ನು ಅವತ್ತೇ ಶಾಲೆ ಬಿಡಿಸುತ್ತೇನೆ ಎಂದು ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ್ದರು. ಅವರು ಹೇಳಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ಇರಲಿಲ್ಲ.

ಕೋಣೆಯಲ್ಲಿ ವಿಮಲ ಚಾಪೆಯ ಮೇಲೆ ಬೋರಲು ಬಿದ್ದುಕೊಂಡು ಪುಸ್ತಕ ಓದುತ್ತಿದ್ದಳು.

“ನಿಂಗಾ? ಇಷ್ಟು ಬೇಗಾನಾ?”

“ಯಾಕೆ, ಇದೇನು ನಿಂಗೊಬ್ಳಿಗೇ ಬರೆದುಕೊಟ್ಟಿದಾರಾ?”

ಮರುದಿನ ಬಂತು, ಚಿಕ್ಕಮ್ಮ ಬರಲಿಲ್ಲ. ಅವತ್ತು ಸಂಜೆಯೂ ಇಲ್ಲ. ಅದೇ ಹೊತ್ತಿಗೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ, ಒಗೆಯಲು ಏನೂ ಇಲ್ಲದೆ ಬರಿಗೈಯಲ್ಲಿ ನಿಂತಿದ್ದ ನನ್ನನ್ನು ವಿಮಲ ತಲೆಯಿಂದ ಕಾಲಿನವರೆಗೆ ನೋಡಿದಳು.

“ಸುಳ್ಳಿ! ನಿಂಗೇನೂ ಆಗಿಲ್ಲ.”

“ಹೋಗು, ಹೇಳ್ಬಿಡು ಅಪ್ಪಂಗೆ.”

“ಹೇಳಿದ್ರೆ ನಿನ್ನ ಶಾಲೆ ಬಿಡಿಸ್ತಾರೆ, ದಿನವಿಡೀ ಮನೇಲಿ ನಿನ್ನ ಮುಖ ನೋಡ್ಬೇಕು. ಬೇಡಪ್ಪ. ಯಾಕ್ ಹೀಗ್ ಮಾಡ್ದೆ?”

“ಚಿಕ್ಕಮ್ಮ ಯಾಕ್ ಬರ್ಲಿಲ್ಲ?” ಎಂದೆ ನಾನು, ಉತ್ತರವಾಗಿ.

ವಿಮಲ ಬೆರಳು ಮಡಿಚಿ ದಿನ ಎಣಿಸಿದಳು. ಆಮೇಲೆ ಗೋಡೆಗೆ ಒರಗಿ ಕೂತಳು. “ಬರ್ಲಿಲ್ಲ ಅಂದ್ರೆ ಒಳ್ಳೇದು ಕಣೆ. ಮದುವೆ ಆಗಿ ಮೂರು ವರ್ಷ ಆಯ್ತು. ಪ್ರತಿ ಸಲ ಇಲ್ಲಿಗೆ ಬಂದ ತಕ್ಷಣ ಆ ಗೋಡೆ ಕಡೆ ತಿರುಗಿ ಮಲಗಿ ಅಳ್ತಿದ್ರು. ಕಾದಂಬರಿ ಓದಿದ್ರೆ ಇನ್ನೂ ಅಳ್ತಿದ್ರು. ದೇವರ ಕಥೆ ಓದಿದ್ರೆ ಅದ್ರಲ್ಲೂ ಎಲ್ರೂ ಹಣ್ಣು ತಿಂದು ಮಕ್ಕಳು ಹೆರೋರೇ. ಈ ಪುಸ್ತಕ ಒಂದಕ್ಕೇ ಅಳು ನಿಂತಿದ್ದು. ಅದಕ್ಕೇ ಪ್ರತಿ ತಿಂಗಳೂ ಇದನ್ನೇ ತರಿಸೋದು.”

ಇದನ್ನು ಕೇಳಿ ನನಗೆ ಕನಿಕರ ಬರಬೇಕಿತ್ತು. ಬಂತು, ಆದರೆ ಎರಡನೆಯದಾಗಿ. ಮೊದಲು ಬಂದದ್ದು, ಚಿಕ್ಕಮ್ಮ ಇವಳ ಮುಂದೆ ಅತ್ತರು, ನನ್ನ ಮುಂದೆ ಯಾಕೆ ಅಳಲಿಲ್ಲ ಎಂಬುದು. ನನಗೆ ಎಮ್ಮೆಯ ಮಾತು, ಇವಳಿಗೆ ಕಣ್ಣೀರು. ಯಾವುದು ಹೆಚ್ಚಿನದು ಎಂದು ನನಗೆ ಗೊತ್ತಿಲ್ಲವೇ?

ಉಳಿದ ಹೊತ್ತಿನಲ್ಲಿ ಪುಸ್ತಕ ಓದಿದೆ. ಒಳ್ಳೆಯ ಪುಸ್ತಕವಲ್ಲ. ವಿಮಲಳ ಗಂಟಲು ತೆಗೆದರೆ ಅದರಲ್ಲಿ ಉಳಿಯುವುದು ನಿಯಮಗಳು ಮಾತ್ರ. ಸಾಧಕನು ಸೂರ್ಯೋದಯಕ್ಕೆ ಮುಂಚೆ ಏಳತಕ್ಕದ್ದು. ಮಿತವಾಗಿ ಉಣ್ಣತಕ್ಕದ್ದು. ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಮಲಗಿರುವವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಲವತ್ತೆಂಟು ಉಸಿರು ಎಣಿಸತಕ್ಕದ್ದು. ಹೀಗೆ ನಲವತ್ತೆಂಟು ದಿನ ತಪ್ಪದೆ ನಡೆಸತಕ್ಕದ್ದು. ಒಂದು ದಿನ ತಪ್ಪಿದರೆ ಮೊದಲಿನಿಂದ. ಓದುತ್ತ ಓದುತ್ತ ನನಗೆ ಆಶ್ಚರ್ಯವಾಯಿತು. ಇದು ನಮ್ಮ ನಡುಮನೆಯ ಗೋಡೆಯ ಮೇಲಿದ್ದ ಪಟ್ಟಿಯೇ. ಇಷ್ಟು ಶಿಸ್ತಿನ ವಿದ್ಯೆ ವಿಮಲಳಿಂದ ಸಾಧ್ಯವೇ ಇಲ್ಲ. ಐದಕ್ಕೆ ಏಳಬೇಕಾದ ಮನೆಯಲ್ಲಿ ಅವಳು ಏಳುವುದೇ ಐದೂಮುಕ್ಕಾಲಿಗೆ. ಅವಳ ಮೇಲಿನ ಆರೋಪವನ್ನು ಅಲ್ಲೇ ಕೈಬಿಟ್ಟೆ. ಈ ಮನೆಯಲ್ಲಿ ಇದಕ್ಕೆ ಯೋಗ್ಯರು ಇಬ್ಬರೇ, ಅಪ್ಪ ಮತ್ತು ನಾನು. ಅಪ್ಪನಿಗೆ ಪುಸ್ತಕ ಸಿಕ್ಕಿಲ್ಲ.

ನಾಲ್ಕನೇ ದಿನ ನೀರು ಹಾಕಿಕೊಂಡು ಒಳಗೆ ಬಂದೆ. ರೇಷ್ಮೆ ಲಂಗ ಉಡಿಸಿದರು, ಐದು ಜನ ಮುತ್ತೈದೆಯರು ಆರತಿ ಎತ್ತಿದರು, ಎಳ್ಳು-ಬೆಲ್ಲದ ಚಿಗಳಿ ಉಂಡೆ ಹಂಚಿದರು. ಜೋಯಿಸರು ಫಲ ಹೇಳಿದರು: ಬುಧವಾರ, ಹಸ್ತಾ; ಶಾಂತ ಸ್ವಭಾವ, ಪರರ ಏಳಿಗೆ ಕಂಡು ಹಿಗ್ಗುವ ಮನಸ್ಸು. ಆರತಿ ತಟ್ಟೆ ಹಿಡಿದಿದ್ದ ವಿಮಲ ಕೆಮ್ಮು ಬಂದವಳಂತೆ ಹಿತ್ತಲಿಗೆ ಓಡಿದಳು.

ಮರುದಿನದಿಂದ ಸಾಧನೆ ಆರಂಭ. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಬರುತ್ತಿದ್ದೆ. ಒಂದೂ ಹತ್ತಕ್ಕೆ ಚಿಕ್ಕಮ್ಮ ಮಲಗಿರುತ್ತಿದ್ದರು. ಈಚೆಗೆ ಹಗಲಲ್ಲಿ ತುಂಬ ನಿದ್ದೆ. ತಲೆಯ ಬಳಿ ಕೂತು ಮಣಿಕಟ್ಟಿನ ಮೇಲೆ, ಬಳೆ ಸರಿಸಿ, ಎರಡು ಬೆರಳಿಡುತ್ತಿದ್ದೆ. ಕೈ ಬೆಚ್ಚಗಿರುತ್ತಿತ್ತು. ನಲವತ್ತೆಂಟು ಉಸಿರಿನ ಹೊತ್ತು ಅವರು ನನಗೊಬ್ಬಳಿಗೇ. ನಿಜ ಹೇಳಬೇಕೆಂದರೆ ರಕ್ತದ ಸತ್ವ ಬರುತ್ತಿದೆಯೇ ಎಂದು ನೋಡುವುದನ್ನು ಮೂರನೇ ದಿನಕ್ಕೇ ಮರೆತಿದ್ದೆ.

ಒಂಬತ್ತನೇ ದಿನ, ಮೂವತ್ತೊಂದನೇ ಉಸಿರಿಗೆ, ಚಿಕ್ಕಮ್ಮ ದಡಕ್ಕನೆ ಎದ್ದು ಬಚ್ಚಲಿಗೆ ಓಡಿ ವಾಂತಿ ಮಾಡಿದರು. ಮುಖ ಸುಣ್ಣದಂತಾಗಿತ್ತು. ಪುಸ್ತಕದ ಲಕ್ಷಣಗಳು ಒಂದೊಂದಾಗಿ ಎದುರು ನಿಂತವು: ಮುಖ ಬಿಳಿಚುವುದು, ಊಟ ಸೇರದಿರುವುದು, ಹಗಲು ನಿದ್ದೆ. ಚೊಂಬಿನಲ್ಲಿ ನೀರು ಹಿಡಿದು ಹೋದೆ.

“ಚಿಕ್ಕಮ್ಮ, ನಾನೇ.”

“ಏನೇ ನೀನೇ?”

“ನಾನೇ ನಿಮ್ಮ ರಕ್ತ ಹೀರಿದ್ದು. ಒಂಬತ್ತು ದಿನದಿಂದ. ಇವತ್ತಿಗೆ ನಿಲ್ಲಿಸ್ತೀನಿ, ನೀವು ಸಾಯಬೇಡಿ.”

ಅವರು ಬಾಯಿ ಮುಕ್ಕಳಿಸಿ, ನನ್ನ ಮುಖ ನೋಡಿ, ಬಚ್ಚಲ ಗೋಡೆ ಹಿಡಿದುಕೊಂಡು ನಕ್ಕರು. “ಅಯ್ಯೋ, ಆ ಪುಸ್ತಕ ಓದಿದ್ಯಾ? ಸಾಲಲ್ಲಿ ನಿಂತ್ಕೊ ಪದ್ದು. ಒಳಗೆ ಒಬ್ರು ಆಗ್ಲೇ ಕುಡೀತಾ ಕೂತಿದಾರೆ.”

ಅದು ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು. ಅರ್ಥವಾದ ಮೇಲೆ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಮೂರನೇ ಕಾಲಂ ಎಳೆದೆ.

ಈಗ ಸುಳ್ಳಿನ ಸಂಸಾರ ಹೇಳುತ್ತೇನೆ. ಒಂದು ಸಲ ಹೊರಗಾದವಳು ಪ್ರತಿ ತಿಂಗಳೂ ಹೊರಗಾಗಬೇಕು. ನಾನು ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟು ದಿನಕ್ಕೊಂದು ಸಣ್ಣ ಚುಕ್ಕೆ ಇಟ್ಟುಕೊಂಡು, ಆ ದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊರಗೆ ಹೋಗುತ್ತಿದ್ದೆ. ಹದಿನೈದು ತಿಂಗಳು. ಮಾಮೂಲಾದ ಮೇಲೆ ಅಪ್ಪ ಅದನ್ನು ಡೈರಿಗೆ ಹಾಕುತ್ತಿರಲಿಲ್ಲ. ವಿಮಲಳದು ಒಂದೊಂದು ಸಲ ಒಂದೊಂದು ಥರ. “ಪದ್ದೂನ ನೋಡಿ ಕಲಿಯೇ. ಗಡಿಯಾರ ನೋಡಿ ಹೊರಗಾಗ್ತಾಳೆ ನನ್ನ ಮೊಮ್ಮಗಳು” ಎಂದು ಅಜ್ಜಿ ಅವಳನ್ನು ಗದರಿದಾಗ, ಅವಳು ತುಟಿ ಕಚ್ಚಿಕೊಂಡು ನನ್ನ ಕಡೆ ನೋಡುತ್ತಿದ್ದಳು. ಬಾಯಿ ಬಿಡಲಿಲ್ಲ. ಚಿಕ್ಕಮ್ಮ ಬಾಣಂತನಕ್ಕೆ ಮೈಸೂರಿಗೆ ಹೋಗಿ ಹೆಣ್ಣುಮಗುವಿನೊಂದಿಗೆ ವಾಪಸು ಬಂದರು. ನನ್ನ ಜಡೆಯ ಹತ್ತು ನಿಮಿಷ ಮಗುವಿನ ಸ್ನಾನಕ್ಕೆ ಹೋಯಿತು.

ಎರಡನೇ ವರ್ಷದ ನವರಾತ್ರಿ ಮುಗಿದು ಗೊಂಬೆ ಇಳಿಸುತ್ತಿದ್ದ ದಿನ, ಸಂಜೆ ನಾಲ್ಕೂ ಹತ್ತು. ಹಳೆಯ ಪಂಚೆಯ ತುಂಡುಗಳಲ್ಲಿ ಗೊಂಬೆ ಸುತ್ತುತ್ತಿದ್ದ ನಾನು ಎದ್ದು ಹಿತ್ತಲಿಗೆ ಹೋದವಳು ಅಲ್ಲೇ ಅಳುತ್ತ ನಿಂತೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದ ಚಿಕ್ಕಮ್ಮ ನೋಡಿದರು.

“ಯಾಕೆ ಪದ್ದು, ಇದೇನು ಹೊಸದಾ ನಿಂಗೆ?”

“ಇನ್ನೂ ಹನ್ನೆರಡು ದಿನ ಇದೆ ಚಿಕ್ಕಮ್ಮ!” ಎಂದು ಬಿಕ್ಕಿದೆ. “ಚುಕ್ಕೆ ಇಟ್ಟಿರೋದು ಹನ್ನೆರಡು ದಿನಕ್ಕೆ!”

ಅವರು ಹಿತ್ತಲ ಬಾಗಿಲು ಹಾಕಿದರು. ಎಲ್ಲ ಹೇಳಿಬಿಟ್ಟೆ. ಮಗು ಬೆದರುವಷ್ಟು ನಕ್ಕರು. ಆಮೇಲೆ ಮಗುವನ್ನು ಕೆಳಗೆ ಕೂರಿಸಿ, ನನ್ನನ್ನು ಎರಡೂ ಕೈಯಲ್ಲಿ ಎಳೆದು ತಬ್ಬಿಕೊಂಡರು. ಮುಟ್ಟಬಾರದ ಹೊತ್ತಿನಲ್ಲಿ, ಗೊತ್ತಿದ್ದೂ. ಗೂಡಿನಿಂದ ಒಂದು ಚಮಚ ಸಕ್ಕರೆ ತಂದು ಬಾಯಿಗೆ ಹಾಕಿ, ಹಣೆಗೆ ಕುಂಕುಮ ಇಟ್ಟರು. “ಇದು ನಂಗೂ ನಿಂಗೂ ಮಾತ್ರ” ಎಂದರು. ಆಮೇಲೆ ತಲೆಗೆ ನೀರು ಹಾಕಿಕೊಂಡರು. ಇದ್ಯಾಕೆ ಎರಡನೇ ಸ್ನಾನ ಎಂದು ಅಜ್ಜಿ ಕೇಳಿದಾಗ ಮಗು ಒದ್ದೆ ಮಾಡಿತು ಎಂದರು.

ಹನ್ನೆರಡು ದಿನ ಮುಂಚೆ ಗಡಿಯಾರ ಕೆಟ್ಟದ್ದಕ್ಕೆ ಅಜ್ಜಿ ಅನುಮಾನಪಡಬಹುದಿತ್ತು. ಪಡಲಿಲ್ಲ, ಯಾಕೆಂದರೆ ಅರ್ಧ ಗಂಟೆಯಲ್ಲಿ ವಿಮಲಳೂ ಹೊರಗಾದಳು. “ಇಬ್ಬಿಬ್ರು, ಒಟ್ಟಿಗೆ! ಈ ಸಲ ಚಳಿ ಬೇಗ ಬಂದಿದೆ, ಅದರ ದೋಷ” ಎಂದು ಅಜ್ಜಿ ತೀರ್ಪು ಕೊಟ್ಟರು. ಮರುದಿನ ಸಂಜೆ ವಿಮಲಳ ಶಾಲೆಯ ನಾಟಕ. ಎರಡು ತಿಂಗಳು ಅಭ್ಯಾಸ ಮಾಡಿದ ರಾಣಿಯ ಪಾತ್ರ. ಬೇರೆ ಯಾರೋ ರಾಣಿಯಾದರು. ವಿಮಲ ಆ ಸಂಜೆ ಗೋಡೆಯ ಕಡೆ ತಿರುಗಿ ಮಲಗಿ ಪಿಸುದನಿಯಲ್ಲಿ ಮಾತುಗಳನ್ನು ಒಂದೂ ಬಿಡದೆ ಹೇಳಿಕೊಂಡಳು. ನನಗೆ ನೆನಪಿದೆ, ನಾನು ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಬಾಯಲ್ಲಿ ಇನ್ನೂ ಆ ಸಕ್ಕರೆ ಇತ್ತು. ಇವಳಿಗೆ ಕಣ್ಣೀರು ಸಿಕ್ಕಿದ್ದರೆ ನನಗೆ ಇದು ಸಿಕ್ಕಿದೆ, ಇದು ಇವಳಿಗೆ ಗೊತ್ತೇ ಇಲ್ಲ.

ಆ ಗುಟ್ಟಿನ ಮೇಲೆ ನಾನು ಅರವತ್ತು ವರ್ಷ ದಾಟಿಸಿದ್ದೇನೆ. ಹನ್ನೊಂದು ವರ್ಷದ ಹಿಂದೆ ಚಿಕ್ಕಮ್ಮ ಹೋದ ದಿನ ವಿಮಲ ಎಲ್ಲರೆದುರು ಕಂಬ ತಬ್ಬಿಕೊಂಡು ಅತ್ತಳು, ಬಂದವರೆಲ್ಲ ಅವಳನ್ನೇ ಸಮಾಧಾನ ಮಾಡಿದರು. ನಾನು ಕುರ್ಚಿ ಹಾಕಿಸುತ್ತ, ನೀರು ಕೊಡಿಸುತ್ತ ಓಡಾಡಿದೆ. ನಡುವೆ ಒಂದು ನಿಮಿಷ ಅಡುಗೆಮನೆಗೆ ಹೋಗಿ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಬಂದೆ.

ಇಷ್ಟೆಲ್ಲ ಹಿನ್ನೆಲೆ ಇರುವ ಡೈರಿಯನ್ನು ಇವತ್ತು ಬೆಳಿಗ್ಗೆ ಮಡಿಲಲ್ಲಿಟ್ಟುಕೊಂಡು ವಿಮಲ ಹೇಳಿದ್ದು ಇಷ್ಟು:

“ಪಾಪ ಅಪ್ಪ, ಸುಳ್ಳು ತಾರೀಖು ಬರೆದು ಹೋದ್ರು. ನಿಂದು ನಿಜವಾಗಿ ಗೊಂಬೆ ಇಳಿಸಿದ ದಿನ ಅಲ್ವಾ?”

ಒರೆಸುವ ಬಟ್ಟೆ ನನ್ನ ಕೈಯಿಂದ ಬಿತ್ತು. “ನಿಂಗ್ಯಾರು ಹೇಳಿದ್ದು?”

“ಇನ್ಯಾರು? ಚಿಕ್ಕಮ್ಮ.”

“ಯಾವಾಗ?”

“ಅವತ್ತೇ. ನಿನ್ನ ಹೊರಗೆ ಕಳ್ಸಿ ನೇರವಾಗಿ ನನ್ನ ಹತ್ರ ಬಂದ್ರು. ಪದ್ದು ಒಬ್ಳೇ ಹೋದ್ರೆ ಅತ್ತೆ ಲೆಕ್ಕ ಹಾಕ್ತಾರೆ, ಸಿಕ್ಕಿಬೀಳ್ತಾಳೆ, ಶಾಲೆ ಬಿಡಿಸ್ತಾರೆ, ನೀನೂ ಹೋಗಿ ಕೂತ್ಕೊಂಡ್ಬಿಡೇ ಅಂದ್ರು. ಹೋಗಿ ಕೂತೆ.”

“ಹಾಗಾದ್ರೆ ನಿಂಗೆ...”

“ನಂಗೇನೂ ಆಗಿರ್ಲಿಲ್ಲ. ನಿನ್ ಥರಾನೇ.”

ಗಡಿಯಾರ ಹನ್ನೊಂದು ಹೊಡೆಯಿತು. ನಾನು ಎಣಿಸಿದೆ.

“ನಾಟಕ ಇತ್ತಲ್ಲೇ ಮಾರನೇ ದಿನ. ನನಗೋಸ್ಕರ ಬಿಟ್ಯಾ?”

“ನಿನಗೋಸ್ಕರ ಯಾರು ಬಿಡ್ತಾರೆ?” ಎಂದಳು ವಿಮಲ. “ಕೇಳಿದ್ದು ಚಿಕ್ಕಮ್ಮ.”

ಆ ಉತ್ತರದಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಹದಿನೈದು ವರ್ಷದ ಹುಡುಗಿ ಚಿಕ್ಕಮ್ಮ ಕೇಳಿದರೆಂದು ರಾಣಿಯ ಕಿರೀಟ ಬಿಟ್ಟಳು. ನಾನಾಗಿದ್ದರೆ ಬಿಡುತ್ತಿದ್ದೆನೇ? ಬಿಡುತ್ತಿದ್ದೆ. ಆದರೆ ಚಿಕ್ಕಮ್ಮ ಅಂಥದ್ದನ್ನು ನನ್ನ ಹತ್ತಿರ ಒಂದು ದಿನವೂ ಕೇಳಲಿಲ್ಲವಲ್ಲ. ನನ್ನ ಗುಟ್ಟನ್ನು ಕಾಯುವುದಕ್ಕೂ ಅವರು ನಂಬಿದ್ದು ಇವಳನ್ನೇ. ಹೊಟ್ಟೆಯ ಯಾವುದೋ ಮೂಲೆಯಲ್ಲಿ ಹನ್ನೆರಡು ವರ್ಷದವಳು ಎದ್ದು ಕಾಲಂ ಎಳೆಯಲು ಗೆರೆಕೋಲು ಹುಡುಕಿದಳು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನಂಗೆ ಗೊತ್ತಿಲ್ಲ ಅಂತ ಖುಷಿಯಾಗಿದ್ಯಲ್ಲೇ ನೀನು. ಅವತ್ತು ಚಿತ್ರಾನ್ನ ತಿಂದಿದ್ದು ನೋಡ್ಲಿಲ್ವಾ ನಾನು? ಇವತ್ತೂ ಹೇಳ್ತಿರ್ಲಿಲ್ಲ, ಮರೆತು ಬಾಯಿಗೆ ಬಂದ್ಬಿಡ್ತು.” ಕನ್ನಡಕ ಮೂಗಿಗೆ ಇಳಿಸಿಕೊಂಡು ಸೇರಿಸಿದಳು: “ಆ ರಕ್ತ ಹೀರೋ ಪುಸ್ತಕ ಏನಾಯ್ತೋ! ಸಖತ್ತಾಗಿತ್ತು.”

“ಏನೂ ಸಖತ್ತಾಗಿರ್ಲಿಲ್ಲ. ಬರೀ ನಿಯಮ” ಎಂದೆ.

ಹನ್ನೆರಡೂವರೆಗೆ ಊಟ. ಅವಳು ಮಾತಾಡಿದಳು, ನಾನು ಬಡಿಸಿದೆ. ಒಂದೂವರೆಯಿಂದ ಎರಡೂವರೆ ವಿಶ್ರಾಂತಿ. ಮೂರಕ್ಕೆ ಕಾಫಿ. ಅವಳ ಕೈ ನಡುಗುವುದರಿಂದ ಅವಳ ಲೋಟಕ್ಕೆ ನಾನೇ ಹೊಯ್ದೆ, ಹತ್ತಿರದಿಂದ. ಮೂರೂವರೆಗೆ ಮತ್ತೆ ಕೆಲಸಕ್ಕೆ ಕೂತೆವು.

ಗೊಂಬೆ ಇಳಿಸಿದ ವರ್ಷದ ಡೈರಿಯನ್ನು ನಾನೇ ತೆರೆದೆ. ಅಪ್ಪ ಬರೆದಿದ್ದರು: ‘ಗೊಂಬೆ ಇಳಿಸಿದ್ದು. ಮಳೆ ಇಲ್ಲ. ಹುಡುಗಿಯರಿಬ್ಬರೂ ಹೊರಗೆ.’ ಅರ್ಧ ಸುಳ್ಳು. ಅಂದರೆ ಡೈರಿಗಳಲ್ಲಿ ಒಂದಲ್ಲ, ಒಂದೂವರೆ ಸುಳ್ಳು. ಪೆನ್ನು ತಂದು ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: ‘ಸಂಜೆ ನಾಲ್ಕೂ ಹತ್ತು. ಪದ್ಮ ನಿಜವಾಗಿ ಹೊರಗಾದಳು. ಮೊದಲು ಕಂಡವರು ಚಿಕ್ಕಮ್ಮ.’

ವಿಮಲ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ನನ್ ಹೆಸರೆಲ್ಲೇ?”

“ನೀನು ಕಂಡಿಲ್ಲ. ಕೇಳಿದ್ದು.”

“ಸರಿ ಬಿಡು, ಹಾಗೇ ಬರಿ.”

ಸ್ವಲ್ಪ ಹೊತ್ತು ಪೆನ್ನನ್ನು ಹಾಳೆಯ ಮೇಲೆ ಎತ್ತಿ ಹಿಡಿದಿದ್ದೆ. ಆಮೇಲೆ, ಜಾಗ ಕಡಿಮೆ ಇದ್ದುದರಿಂದ ಸಣ್ಣ ಅಕ್ಷರದಲ್ಲಿ, ಬರೆದೆ: ‘ಆಮೇಲೆ ಕೇಳಿ ತಿಳಿದವಳು ವಿಮಲ. ಸುಳ್ಳೇ ಹೊರಗೆ ಕೂತಳು. ನಾಟಕ ತಪ್ಪಿತು.’

ಅವಳು ಓದಿದಳು. ಡೈರಿಯನ್ನು ತೆಗೆದುಕೊಂಡು ಅದರ ವರ್ಷದ ಜಾಗಕ್ಕೆ, ಈ ಸಲ ಬೇರೆ ಪುಟ ತೆರೆಯದೆ, ಸೇರಿಸಿದಳು. ಇಪ್ಪತ್ತೆರಡೂ ಆದವು. ನಾಲ್ಕು ಮೂಲೆಗೆ ನಾಲ್ಕು ನುಸಿಗುಳಿಗೆ ಇಟ್ಟೆ. ಐದೂ ಇಪ್ಪತ್ತಕ್ಕೆ ಬೀರುವಿಗೆ ಬೀಗ ಹಾಕಿದೆ.